ನಲವತ್ತು ರಾತ್ರಿಯ ಜೋಕು

"ಮೂವತ್ತು ಸೆಕೆಂಡಿನಲ್ಲಿ ಅನಿಲ ಬಿಡುಗಡೆಯಾಗುತ್ತದೆ. ದಯವಿಟ್ಟು ಕೋಣೆಯಿಂದ ಹೊರಗೆ ಹೋಗಿ..."

ಹೆಣ್ಣಿನ ಧ್ವನಿ. ರೆಕಾರ್ಡ್ ಮಾಡಿದ್ದು. ಇಂಪಾಗಿತ್ತು.

ಹೊರಗೆ ಹೋಗಲು ನನಗೇನೂ ಅಭ್ಯಂತರವಿರಲಿಲ್ಲ. ಆದರೆ ಬಾಗಿಲಿಗೆ ಆಚೆಯಿಂದ ಬೀಗ ಬಿದ್ದಿತ್ತು!

ಅದು ಟಿವಿ ಚಾನೆಲ್ಲಿನ ನೆಲಮಾಳಿಗೆ. ಹಳೆಯ ಟೇಪುಗಳ ಕೋಣೆ. ಇಂಥ ಕಡೆ ಬೆಂಕಿ ಬಿದ್ದರೆ ನೀರು ಹೊಡೆಯುವಂತಿಲ್ಲ, ಟೇಪು ಹಾಳಾಗುತ್ತದೆ. ಅದಕ್ಕೇ ಅನಿಲ. ಬೆಂಕಿಗೆ ಉಸಿರು ಕಟ್ಟುತ್ತದೆ. ಒಳಗಿದ್ದ ಮನುಷ್ಯರಿಗೂ ಕಟ್ಟುತ್ತದೆ. ಟೇಪಿಗೆ ಮಾತ್ರ ಒಂದು ಗೀರೂ ಬೀಳುವುದಿಲ್ಲ. ಈ ಕೋಣೆ ಕಟ್ಟಿದವನಿಗೆ ಯಾವುದು ಮುಖ್ಯ ಅಂತ ಚೆನ್ನಾಗಿ ಗೊತ್ತಿತ್ತು.

ಬಾಗಿಲ ಪಕ್ಕ ಒಂದು ಹಳದಿ ಗುಂಡಿ. 'ಒತ್ತಿ ಹಿಡಿಯಿರಿ' ಅಂತ ಬರೆದಿತ್ತು. ಒತ್ತಿ ಹಿಡಿದೆ.

ಎಣಿಕೆ ಹನ್ನೊಂದಕ್ಕೆ ನಿಂತಿತು.

ಬಿಟ್ಟರೆ ಮತ್ತೆ ಶುರು. ಅಂದರೆ ನನ್ನ ಹೆಬ್ಬೆರಳು ಎಷ್ಟು ಹೊತ್ತು ತಡೆಯುತ್ತದೋ ಅಷ್ಟು ಹೊತ್ತು ನಾನು ಬದುಕಿದ್ದೇನೆ. ವಯಸ್ಸು ಐವತ್ತೆಂಟು. ಎಡ ಮಂಡಿ ಕೈಕೊಟ್ಟಿದೆ. ಹೆಬ್ಬೆರಳಿನ ಬಗ್ಗೆ ಈವರೆಗೆ ಯೋಚಿಸಿರಲಿಲ್ಲ.

ಬಾಗಿಲಿನ ಚಿಕ್ಕ ಗಾಜಿನಲ್ಲಿ ಒಂದು ಮುಖ ಕಾಣಿಸಿತು. ಚಾನೆಲ್ಲಿನ ಸೆಕ್ಯುರಿಟಿ ಮುಖ್ಯಸ್ಥ. ನಡೆದರೆ ಹೆಜ್ಜೆ ಸಪ್ಪಳವಾಗುವುದಿಲ್ಲ ಅಂತ ಎಲ್ಲರೂ ಬೆಕ್ಕು ಅನ್ನುತ್ತಿದ್ದರು. ಅವನೇ ಹೊರಗಿನ ಕೆಂಪು ಪೆಟ್ಟಿಗೆ ಒಡೆದು ಅಲಾರಂ ಎಳೆದಿದ್ದ.

"ಇಸ್ತ್ರಿ!" ಅಂದ. "ಟೇಪು ಕೊಡು. ಬಾಗಿಲು ತೆಗೀತೀನಿ."

ಇಸ್ತ್ರಿ ಅಂದರೆ ನಾನು. ದೊಡ್ಡವರ ಬದುಕಿನಲ್ಲಿ ಸುಕ್ಕು ಬಿದ್ದರೆ ತೆಗೆಯುವುದು ನನ್ನ ಉದ್ಯೋಗ. ಆರು ವರ್ಷ ಪೊಲೀಸ್ ಕೆಲಸ, ಆಮೇಲೆ ಇಪ್ಪತ್ತಾರು ವರ್ಷ ಇದೇ.

"ಯಾವ ಟೇಪು?" ಅಂದೆ.

"ನಿನ್ನ ಕಂಕುಳಲ್ಲಿರೋದು."

ಅವನ ಕಣ್ಣು ಚೆನ್ನಾಗಿದೆ. ಬೆಕ್ಕಲ್ಲವೇ!

ನನ್ನ ಹಿಂದೆ, ರ್‍ಯಾಕಿನ ನೆರಳಿನಲ್ಲಿ, ಒಬ್ಬಳು ಹೆಂಗಸು ನಿಂತಿದ್ದಳು. ಮೂವತ್ಮೂರು ವಯಸ್ಸಿರಬಹುದು. ಚಾನೆಲ್ಲಿನ ಕ್ಯಾಪ್ಷನ್ ಟೈಪಿಸ್ಟ್. ಕಿವಿ ಕೇಳದವರಿಗಾಗಿ ತೆರೆಯ ಕೆಳಗೆ ಮಾತು ಅಕ್ಷರವಾಗಿ ಓಡುತ್ತದಲ್ಲ, ಅದನ್ನು ಟೈಪ್ ಮಾಡುವವಳು. ನಾನು ಬರುವ ಮೊದಲೇ ಅವಳು ಇಲ್ಲಿದ್ದಳು. ಮೊಣಕೈವರೆಗೆ ಧೂಳು.

"ನೀನ್ಯಾಕಮ್ಮ ಇಲ್ಲಿ?" ಅಂತ ಕೇಳುವಷ್ಟರಲ್ಲಿ ಬೆಕ್ಕು ಬಂದುಬಿಟ್ಟಿದ್ದ.

ಈಗ ಅವಳು ನನ್ನ ಕಂಕುಳಿನಿಂದ ಟೇಪು ಮೆಲ್ಲಗೆ ಎಳೆದಳು. ಲೇಬಲ್ ನೋಡಿದಳು. 'ಹವಾಮಾನ ವರದಿ. ಆಗಸ್ಟ್.'

"ಇದು ಹವಾಮಾನ ಅಲ್ಲ, ಅಲ್ವಾ?" ಪಿಸುಗುಟ್ಟಿದಳು.

"ಅಲ್ಲ."

"ದೋಣಿದಾ?"

ನನ್ನ ಹೆಬ್ಬೆರಳು ಒಂದು ಕ್ಷಣ ಸಡಿಲವಾಯಿತು! "ಹತ್ತು..." ಅಂದಿತು ಆ ಇಂಪಾದ ಧ್ವನಿ. ಮತ್ತೆ ಒತ್ತಿದೆ.

"ಯಾರು ನೀನು?"

"ಕಪ್ಪೆತಾನನ ಮಗಳು," ಅಂದಳು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೇಗ ಮುಗಿಸುತ್ತೇನೆ. ಬೆರಳು ನೋಯುತ್ತಿದೆ ಅನ್ನುವುದು ನೆನಪಿರಲಿ.

ಮಾವ ನಿಮಗೆ ಗೊತ್ತು. ಎಲ್ಲರಿಗೂ ಗೊತ್ತು. ರಾತ್ರಿ ಹನ್ನೊಂದು ಗಂಟೆ, ನೀಲಿ ಕುರ್ಚಿ, ಮೇಜಿನ ಮೇಲೆ ಒಂದು ಲೋಟ ನೀರು, "ಏನ್ರಪ್ಪಾ, ನಿದ್ದೆ ಬರ್ಲಿಲ್ವಾ?" ಅನ್ನುವ ಆ ಮಾತು. ಮೊದಲ ವಾರ ಪ್ರೇಕ್ಷಕರಲ್ಲಿದ್ದ ಒಬ್ಬ ಅಜ್ಜಿ, "ಇವನು ನಮ್ಮ ಸೋದರಮಾವನ ಥರಾನೇ ಬಾಯಿ ಬಡ್ಕೋತಾನೆ" ಅಂದಿದ್ದಳು. ಹೆಸರು ಅಂಟಿಕೊಂಡಿತು. ಮಂತ್ರಿಗಳು, ನಟಿಯರು, ವಿಶ್ವಚಾಂಪಿಯನ್ನರು, ಎಲ್ಲರೂ ಆ ಮೇಜಿನ ಪಕ್ಕ ಕೂತು ಬೆವರಿದವರೇ. ಐದು ಸಾವಿರಕ್ಕೂ ಮೇಲೆ ಎಪಿಸೋಡು. ಇಬ್ಬರು ಹೆಂಡತಿಯರು ಬಿಟ್ಟುಹೋದರು. ಇಬ್ಬರೂ ಒಂದೇ ಕಾರಣ ಹೇಳಿದರು... ಮನೆಯಲ್ಲಿ ಅವನು ಮಾತೇ ಆಡುವುದಿಲ್ಲ.

ಶುರುವಿನಲ್ಲಿ ಅವನು ಹವಾಮಾನ ಓದುತ್ತಿದ್ದ. ಒಂದು ದಿನ ಎದುರಿನ ಪರದೆ ಕೆಟ್ಟುಹೋಯಿತು. ಓದಲು ಏನೂ ಇಲ್ಲ. ಹನ್ನೆರಡು ನಿಮಿಷ ಮೋಡಗಳ ಬಗ್ಗೆ ಬಾಯಿಗೆ ಬಂದದ್ದು ಮಾತಾಡಿದ. ಕ್ಯಾಮೆರಾದವರು ಬಿದ್ದು ಬಿದ್ದು ನಕ್ಕರು. ಯಾರಿಗೂ ಬೇಡವಾದ ಹನ್ನೊಂದು ಗಂಟೆಯ ಜಾಗ ಸಿಕ್ಕಿತು.

ಮೊದಲ ಏಳು ತಿಂಗಳು ನಾಯಿಯೂ ನೋಡಲಿಲ್ಲ. ರೆಕಾರ್ಡಿಂಗ್ ಸಂಜೆ ಐದಕ್ಕೆ. ನಾನು ಬಸ್ ಸ್ಟಾಪಿಗೆ ಹೋಗಿ, ಕಾಯುತ್ತಿದ್ದವರನ್ನು "ಒಳಗೆ ಫ್ಯಾನ್ ಇದೆ, ಬನ್ನಿ" ಅಂತ ಪುಸಲಾಯಿಸಿ ಕರೆತರುತ್ತಿದ್ದೆ. ಅರ್ಧ ಜನ ಬಸ್ಸು ಬಂತೆಂದು ಮಧ್ಯದಲ್ಲೇ ಎದ್ದುಹೋಗುತ್ತಿದ್ದರು. ಶೋ ಇನ್ನೆರಡು ವಾರದಲ್ಲಿ ಮುಚ್ಚುವುದಿತ್ತು.

ಆಗ ದೋಣಿ ಮುಳುಗಿತು.

ನದಿ ದಾಟಿಸುವ ದೊಡ್ಡ ದೋಣಿ. ಮರಳುದಿಬ್ಬಕ್ಕೆ ಬಡಿದು ವಾಲಿತು. ಒಂಬತ್ತು ಜನ ಸತ್ತರು. ದಡದಲ್ಲಿ ನಮ್ಮದೇ ಚಾನೆಲ್ಲಿನ ಕ್ಯಾಮೆರಾ ಇತ್ತು. ನಾಲ್ಕು ಸೆಕೆಂಡಿನ ದೃಶ್ಯ ಸಿಕ್ಕಿತು: ಜನ ಕಿರುಚುತ್ತಿದ್ದಾರೆ, ಕ್ಯಾಪ್ಟನ್ ಕೋಟು ಕಿತ್ತೆಸೆದು ನೀರಿಗೆ ಹಾರುತ್ತಿದ್ದಾನೆ. ಎಲ್ಲರಿಗಿಂತ ಮೊದಲು!

ಮಾವ ಆ ರಾತ್ರಿ ಅದನ್ನು ಹಾಕಿ ಅಂದ, "ಇವರು ಕಪ್ತಾನ ಅಲ್ಲ ಕಣ್ರಪ್ಪಾ... ಕಪ್ಪೆತಾನ!"

ನಕ್ಕರು. ಸತ್ತವರ ದುಃಖಕ್ಕೆ, ಸಿಟ್ಟಿಗೆ ಒಂದು ದಾರಿ ಸಿಕ್ಕಿತು. ಮರುದಿನವೂ ಅದೇ. ನಲವತ್ತು ರಾತ್ರಿ ಬಿಡದೆ ಅದೇ ನಾಲ್ಕು ಸೆಕೆಂಡು, ನಲವತ್ತು ಹೊಸ ಜೋಕು. ಹಿಂದುಮುಂದಾಗಿ ಓಡಿಸಿ ಕ್ಯಾಪ್ಟನ್ ನೀರಿನಿಂದ ದೋಣಿಗೆ ಹಾರುವ ಹಾಗೆ ತೋರಿಸಿದ. ಹಸಿರು ಬಣ್ಣ ಬಳಿದ. ನಲವತ್ತನೇ ರಾತ್ರಿ ಮುಗಿದಾಗ ಇಡೀ ದೇಶವೇ ಮಾವನ ಮನೆಯಾಗಿತ್ತು. ಬಸ್ ಸ್ಟಾಪಿಗೆ ನಾನು ಮತ್ತೆ ಹೋಗಲಿಲ್ಲ.

ಆದರೆ ಟೇಪು ನಾಲ್ಕು ಸೆಕೆಂಡಿನದಲ್ಲ. ಎರಡು ನಿಮಿಷ ಹತ್ತು ಸೆಕೆಂಡಿನದು.

ಪೂರ್ತಿ ನೋಡಿದರೆ ಹೀಗಿದೆ. ದೋಣಿ ವಾಲುತ್ತದೆ. ಕಟಕಟೆಯ ಹತ್ತಿರ ನಿಂತಿದ್ದ ಒಂದು ಮಗು ಜಾರಿ ನೀರಿಗೆ ಬೀಳುತ್ತದೆ. ಕ್ಯಾಪ್ಟನ್ ಚಕ್ರವನ್ನು ಸಹಾಯಕನ ಕೈಗೆ ಕೊಟ್ಟು ಹಾರುತ್ತಾನೆ. ಮುಳುಗುತ್ತಾನೆ. ಖಾಲಿ ಕೈಯಲ್ಲಿ ಮೇಲೆ ಬರುತ್ತಾನೆ. ಮತ್ತೆ ಮುಳುಗುತ್ತಾನೆ. ಮತ್ತೆ ಖಾಲಿ ಕೈ. ಮೂರನೇ ಸಲ ಮೇಲೆ ಬಂದಾಗ ಇಬ್ಬರು ಅವನನ್ನು ಬೇರೆ ದೋಣಿಗೆ ಎಳೆದು ಹಾಕುತ್ತಾರೆ. ಅವನು ಅವರನ್ನು ಒದೆಯುತ್ತಾನೆ. ಮತ್ತೆ ಹಾರಬೇಕೆಂದು.

ಮಗು ಸಿಗಲಿಲ್ಲ. ಸಹಾಯಕ ಮುಳುಗಿ ಸತ್ತ. ಕ್ಯಾಪ್ಟನ್ ಯಾಕೆ ಹಾರಿದ ಅಂತ ಹೇಳುವವರೇ ಇಲ್ಲ.

ಚಾನೆಲ್ಲಿನ ಚೇರ್ಮನ್, ನಾವು ದೊಡ್ಡೋರು ಅನ್ನುತ್ತೇವೆ, ಆ ಟೇಪನ್ನು ನನ್ನ ಕೈಗಿಟ್ಟು "ಸುಟ್ಟು ಹಾಕು" ಅಂದರು. ನಾನು ಸುಡಲಿಲ್ಲ. ಯಾಕೆ ಅಂತ ಕೇಳಬೇಡಿ. ಒಳ್ಳೆಯತನ ಅಲ್ಲ. ಪೊಲೀಸ್ ಬುದ್ಧಿ, ಸಾಕ್ಷಿ ಸುಡುವುದಕ್ಕೆ ಕೈ ಬರಲಿಲ್ಲ. ಹವಾಮಾನದ ಲೇಬಲ್ ಅಂಟಿಸಿ ಹವಾಮಾನದ ರ್‍ಯಾಕಿನಲ್ಲಿಟ್ಟೆ. ಆಮೇಲೆ ಕ್ಯಾಪ್ಟನ್ ಮನೆಗೆ ಹೋಗಿ, ಕೋರ್ಟು ಗೀರ್ಟು ಅಂದರೆ ನೆಟ್ಟಗಿರುವುದಿಲ್ಲ ಅಂತ ಹೇಳಿ ಬಂದೆ. ಬಾಗಿಲ ಹಿಂದೆ ಏಳು ವರ್ಷದ ಒಂದು ಹುಡುಗಿ ನಿಂತು ನೋಡುತ್ತಿದ್ದಳು.

ಅವಳೇ ಈಗ ನನ್ನ ಹಿಂದೆ ನಿಂತಿದ್ದಳು.

ಇವತ್ತು ಮಾವನ ಕೊನೆಯ ಶೋ. ಸೋಮವಾರ ಈ ಟೇಪುಗಳೆಲ್ಲ ಒಂದು ವಿದೇಶಿ ಕಂಪನಿಗೆ ಹೋಗುತ್ತವೆ. ಪ್ಯಾಕ್ ಮಾಡಲು ಕೋಣೆ ತೆರೆದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಮಾವ ಫೋನ್ ಮಾಡಿ, "ಆ ಟೇಪು ನೀನು ಸುಟ್ಟಿಲ್ಲ ಅಂತ ನಂಗೊತ್ತು ಕಣೋ. ತಗೊಂಡು ಬಾ," ಅಂದಿದ್ದ. ದೊಡ್ಡೋರಿಗೂ ಅದೇ ಅನುಮಾನ ಬಂದು ಬೆಕ್ಕನ್ನು ನನ್ನ ಹಿಂದೆ ಬಿಟ್ಟಿದ್ದರು. ಮಗಳು ತನ್ನಷ್ಟಕ್ಕೆ ಹುಡುಕಲು ಬಂದಿದ್ದಳು. ಚಾನೆಲ್ಲಿಗೆ ಕೆಲಸಕ್ಕೆ ಸೇರಿ ಆರು ವರ್ಷ ಇದೇ ದಿನಕ್ಕೆ ಕಾದಿದ್ದಳು.

"ಇಸ್ತ್ರಿ!" ಬೆಕ್ಕು ಗಾಜಿಗೆ ಲಾಠಿಯಿಂದ ಕುಟ್ಟಿದ. "ಬೆರಳು ಎಷ್ಟು ಹೊತ್ತು ಹಿಡ್ಕೋತೀಯಾ? ನಂಗೇನೂ ಅರ್ಜೆಂಟಿಲ್ಲ!"

ಟೈಪಿಸ್ಟ್ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅವನಿಗೆ ಲೇಬಲ್ ಗೊತ್ತಾ?"

"ಕಂಕುಳಲ್ಲಿತ್ತು. ಕಂಡಿರಲ್ಲ."

ಅವಳು ರ್‍ಯಾಕಿಗೆ ಬೆನ್ನು ಕೊಟ್ಟು ನಿಂತಳು. ಕೈ ಹಿಂದೆ ಹೋಯಿತು. ಮುಂದೆ ಬಂದಾಗ ಅದರಲ್ಲಿ 'ಹವಾಮಾನ ವರದಿ. ಸೆಪ್ಟೆಂಬರ್' ಇತ್ತು. ಆಗಸ್ಟ್ ಅವಳ ಸ್ವೆಟರಿನ ಒಳಗೆ ಹೋಗಿತ್ತು.

ಟೈಪಿಸ್ಟರ ಬೆರಳು!

"ತಗೋ, ಸಾಯಿ!" ಅಂತ ಕೂಗಿದೆ. "ಬಾಗಿಲು ತೆಗಿ!"

ಬೆಕ್ಕು ತೆಗೆದ. ಟೇಪು ಕಿತ್ತುಕೊಂಡ. ಲೇಬಲ್ ಓದಿ ನಕ್ಕ. "ಹವಾಮಾನದಲ್ಲಿ ಮುಚ್ಚಿಟ್ಟಿದ್ಯಾ? ಶಾಣ್ಯಾ!" ಅಂದವನೇ ಲಾಠಿಯಿಂದ ನನ್ನ ಪಕ್ಕೆಗೆ ಒಂದು ಬಿಟ್ಟ. ಒಳಗೆ ಏನೋ ಲಟಕ್ ಅಂದಿತು. ಟೈಪಿಸ್ಟಳನ್ನು ಪ್ಯಾಕ್ ಮಾಡಲು ಬಂದವಳು ಅಂದುಕೊಂಡನೋ ಏನೋ, ತಿರುಗಿಯೂ ನೋಡಲಿಲ್ಲ. ಕೆಂಪು ಪೆಟ್ಟಿಗೆಯ ಕೀಲಿ ತಿರುಗಿಸಿ ಅಲಾರಂ ನಿಲ್ಲಿಸಿ, ಸಪ್ಪಳವಿಲ್ಲದೆ ಹೊರಟುಹೋದ.

"ಕಾರು ಎಲ್ಲಿದೆ?" ಅಂದಳು ಟೈಪಿಸ್ಟ್.

"ಉಸಿರು ಎಲ್ಲಿದೆ ಅಂತ ಮೊದಲು ಹುಡುಕ್ತೀನಿ, ತಡಿ," ಅಂದೆ.

*

ನಮಗೆ ಸಿಕ್ಕಿದ್ದು ಅರ್ಧ ಗಂಟೆ.

ಅರ್ಧ ಗಂಟೆಯಲ್ಲಿ ದೊಡ್ಡೋರು ಹಳೆಯ ಪ್ಲೇಯರ್ ಹುಡುಕಿಸಿ, ಬಾಗಿಲು ಹಾಕಿಕೊಂಡು, ಟೇಪು ಹಾಕಿ ನೋಡಿದ್ದರು. ಅಲ್ಲಲ್ಲಿ ಚದುರಿದ ಮೋಡ. ಗರಿಷ್ಠ ಉಷ್ಣಾಂಶ ಇಪ್ಪತ್ತೊಂಬತ್ತು.

ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕನ್ನಡಿಯಲ್ಲಿ ಕಪ್ಪು ಜೀಪು ಕಾಣಿಸಿತು.

"ಬಗ್ಗು!"

ಕೆಂಪು ದೀಪ ಹಾರಿಸಿದೆ. ಲಾರಿಯೊಂದು ಹಾರ್ನಿನಲ್ಲೇ ನಮ್ಮ ವಂಶವನ್ನೆಲ್ಲ ಬೈದಿತು. ಎಡಕ್ಕೆ ತಿರುಗಿದೆ. ಒನ್‌ವೇ. ಎದುರಿನಿಂದ ಶಾಲೆಯ ವ್ಯಾನು! ಫುಟ್‌ಪಾತ್ ಹತ್ತಿಸಿದೆ. ಹೂಕುಂಡ ಒಂದು ಬಾನೆಟ್ಟಿನ ಮೇಲೆ ಸವಾರಿ ಬಂದು ಮುಂದಿನ ತಿರುವಿನಲ್ಲಿ ಇಳಿದುಕೊಂಡಿತು. ಜೀಪು ಬಿಡಲಿಲ್ಲ. ಪ್ರತಿ ತಿರುವಿಗೂ ನನ್ನ ಪಕ್ಕೆಲುಬು 'ನಾನಿದ್ದೇನೆ' ಅನ್ನುತ್ತಿತ್ತು.

ಮುಂದೆ ಕಾರ್ ವಾಶ್ ಕಾಣಿಸಿತು. ಉದ್ದನೆಯ ಸುರಂಗ, ತಿರುಗುವ ಬ್ರಷ್ಷುಗಳು. ಒಳಗೆ ನುಗ್ಗಿಸಿದೆ. ಹಿಂದೆಯೇ ಜೀಪು. ಅದರ ತಲೆಯ ಮೇಲೆ ಬಟ್ಟೆಯ ಹೊದಿಕೆ ಮಾತ್ರ ಇತ್ತು, ಕಿಟಕಿಗೆ ಗಾಜಿರಲಿಲ್ಲ.

ಬೆಕ್ಕಿಗೂ ನೀರಿಗೂ ಆಗಿಬರುವುದಿಲ್ಲ.

ಕನ್ನಡಿಯಲ್ಲಿ ನೊರೆಯ ನಡುವೆ ಒಂದು ಬಾಯಿ ತೆರೆದುಕೊಂಡು ಕಿರುಚುವುದು ಕಂಡಿತು. ಆಮೇಲೆ ಬರೀ ನೊರೆ.

ನಮ್ಮ ಕಾರಿನೊಳಗೆ ಮಾತ್ರ ವಿಚಿತ್ರ ಶಾಂತಿ. ಗಾಜಿನ ಮೇಲೆ ನೀರು. ಟೈಪಿಸ್ಟ್ ಸ್ವೆಟರಿನ ಮೇಲಿಂದಲೇ ಟೇಪನ್ನು ಹಿಡಿದುಕೊಂಡಿದ್ದಳು.

"ಶಾಲೇಲಿ ನಾನು ಕ್ಲಾಸಿಗೆ ಹೋದ್ರೆ ಎಲ್ರೂ ವಟ ವಟ ಅನ್ನೋರು," ಅಂದಳು. "ಅಮ್ಮ ಟಿವಿ ಮಾರಿಬಿಡೋಣ ಅಂದ್ಲು. ಅಪ್ಪ ಬೇಡ ಅಂದ. ನಲವತ್ತು ದಿನಾನೂ ಕೂತು ನೋಡಿದ. ಏಳನೇ ದಿನದ ಜೋಕಿಗೆ ನಕ್ಕೂಬಿಟ್ಟ. 'ಇದು ಚೆನ್ನಾಗಿದೆ' ಅಂದ."

"ಮಗು ವಿಷಯ ಯಾರಿಗೂ ಹೇಳ್ಲಿಲ್ವಾ?"

"ವಿಚಾರಣೇಲಿ ಹೇಳಿದ. ಒಂದು ಸಾಲು ಬರ್ಕೊಂಡ್ರು, ತಪ್ಪಿಲ್ಲ ಅಂತ ಬಿಟ್ರು. ಪೇಪರಿನೋರಿಗೆ ಹೇಳು ಅಂದ್ಲು ಅಮ್ಮ. ಆ ಮಗೂನ ತಾಯಿ ಬದುಕಿದಾಳೆ, ಅವಳ ಮುಂದೆ 'ನಾನು ಪ್ರಯತ್ನಪಟ್ಟೆ' ಅಂತ ಟಾಂಟಾಂ ಹೊಡೀಲಾ ಅಂದ. ಅಷ್ಟೇ. ಮತ್ತೆ ದೋಣಿ ಚಕ್ರ ಯಾರೂ ಕೈಗೆ ಕೊಡ್ಲಿಲ್ಲ."

ಆ ಮನೆಯ ಬಾಗಿಲು ತಟ್ಟಿದ ಕೈ ಈಗ ಸ್ಟಿಯರಿಂಗಿನ ಮೇಲಿತ್ತು.

"ನೀವು ಬಂದಿದ್ದು ನಂಗೆ ನೆನಪಿದೆ," ಅಂದಳು ಅವಳೇ. "ನಿಮ್ಮ ಶೂ ತುಂಬಾ ಹೊಳೀತಿತ್ತು."

ಬಿಸಿಗಾಳಿ ಬೀಸಿತು. ಹಸಿರು ದೀಪ. ಹೊರಗೆ ಬಂದೆವು. ಕಾರು ಹೊಸದರ ಹಾಗೆ ಹೊಳೆಯುತ್ತಿತ್ತು. ನಾನು ಮಾತ್ರ ಹಾಗೇ ಇದ್ದೆ.

*

ಮಾವನ ಮನೆ ದೊಡ್ಡದು. ಹದಿನಾಲ್ಕು ಕೋಣೆ, ಒಬ್ಬನೇ ಮನುಷ್ಯ. ಟೈಪಿಸ್ಟಳನ್ನು ಕಾರಿನಲ್ಲೇ ಬಿಟ್ಟು ಒಳಗೆ ಹೋದೆ. ಅವನು ಡ್ರೆಸಿಂಗ್ ಗೌನಿನಲ್ಲಿದ್ದ. ಮೇಕಪ್ಪಿಲ್ಲದಿದ್ದರೆ ಅವನ ಮುಖ ಯಾರೋ ಬಳಸಿ ಮಡಚಿಟ್ಟ ಟವೆಲ್ಲಿನ ಹಾಗೆ ಕಾಣುತ್ತದೆ. ನಾವಿಬ್ಬರೂ ಒಟ್ಟಿಗೆ ಮುದುಕರಾದವರು.

ಟೇಪು ಹಾಕಿದ. ಎರಡು ನಿಮಿಷ ಹತ್ತು ಸೆಕೆಂಡು. ಮತ್ತೆ ಹಾಕಿದ. ಮೂರನೇ ಸಲ, ಕ್ಯಾಪ್ಟನ್ ಖಾಲಿ ಕೈಯಲ್ಲಿ ಮೇಲೆ ಬಂದಾಗ, ನಿಲ್ಲಿಸಿದ.

"ಒಂದು ಮಾತು ಕೇಳ್ಲಾ?" ಅಂದೆ. "ದೊಡ್ಡೋರು ಇದನ್ನ ನಿಮಗೆ ತೋರಿಸ್ಲೇ ಇಲ್ಲ ಅಂತ ಇಪ್ಪತ್ತಾರು ವರ್ಷದಿಂದ ನಂಬ್ಕೊಂಡಿದೀನಿ. ಹೌದು ತಾನೆ?"

ಅವನು ಕಿಟಕಿಯ ಕಡೆ ನೋಡಿದ.

"ಅವತ್ತೇ ನೋಡಿದ್ದೆ ಕಣೋ. ಮಧ್ಯಾಹ್ನ ಹನ್ನೆರಡಕ್ಕೆ. ಐದಕ್ಕೆ ರೆಕಾರ್ಡಿಂಗ್. ಜೋಕು ಬರೆದಾಗಿತ್ತು... ಚೆನ್ನಾಗಿತ್ತು ಜೋಕು. ಒಂದೇ ದಿನ ತಾನೆ ಅಂದ್ಕೊಂಡೆ."

ನಾನು ಸೋಫಾದ ಮೇಲೆ ಕೂತೆ. ಕೂರಬಾರದಿತ್ತು, ಪಕ್ಕೆ ಚುಚ್ಚಿತು. ಇನ್ನೂ ಒಳಗೆ ಇನ್ನೇನೋ ಚುಚ್ಚಿತು. ಅವನ ಎರಡು ಮದುವೆ, ಮೂರು ಕುಡಿತದ ಕೇಸು, ಒಂದು ಕಾರಿನ ಅಪಘಾತ... ಎಲ್ಲ ಸುಕ್ಕು ನಾನೇ ತೆಗೆದದ್ದು. ಬಟ್ಟೆಯೇ ಇಂಥದ್ದು ಅಂತ ಗೊತ್ತಿರಲಿಲ್ಲ.

"ಇವತ್ತು ಹೇಳಿಬಿಡ್ತೀನಿ," ಅಂದ ಮಾವ. "ಲೈವ್‌ನಲ್ಲಿ. ಟೇಪು ಪೂರ್ತಿ ಹಾಕಿ ಅಂತೀನಿ. ಕ್ಷಮೆ ಕೇಳ್ತೀನಿ."

ನನಗೆ ಅಳು ಬಂತು. ನಿಜವಾಗಿ. ಅರ್ಧ ನಿಮಿಷ.

ಯಾಕೆಂದರೆ ಅರ್ಧ ನಿಮಿಷದ ನಂತರ ಅವನು ಎದ್ದು ಓಡಾಡಲು ಶುರು ಮಾಡಿದ. ಕೈ ಎಲ್ಲಿಡಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ನೀರು ಕುಡಿಯಬೇಕು. ರಿಹರ್ಸಲ್!

"'ಬಂಧುಗಳೇ, ಒಂದು ತಪ್ಪಾಗಿದೆ...' ಇಲ್ಲಿ ಮೂರು ಸೆಕೆಂಡ್ ಸುಮ್ಮನಿರ್ತೀನಿ. 'ಈ ಟೇಪು ಇರೋದು ನನಗೆ ಇವತ್ತೇ ಗೊತ್ತಾಯ್ತು...'"

"ಇವತ್ತಲ್ಲ," ಅಂದೆ.

ಅವನು ನಿಂತ.

"ಇವತ್ತು ಅಂದ್ರೆ ಜನ ಅಳ್ತಾರೆ. ಅವತ್ತು ಅಂದ್ರೆ ಮುಖಕ್ಕೆ ಉಗೀತಾರೆ. ಒಂದಕ್ಷರ ಕಣೋ... ಇಪ್ಪತ್ತಾರು ವರ್ಷ ದುಡಿದಿದೀನಿ. ಒಂದಕ್ಷರ ಬಿಟ್ಟುಕೊಡು."

ಟೇಪು ತೆಗೆದುಕೊಂಡು ಎದ್ದೆ. "ಕಂಟ್ರೋಲ್ ರೂಮಿಗೆ ನಾನೇ ಮುಟ್ಟಿಸ್ತೀನಿ," ಅಂದೆ.

ಕಾರಿನಲ್ಲಿ ಟೈಪಿಸ್ಟ್ ಕೇಳಿದಳು, "ಏನಂದ್ರು?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಭ್ಯಾಸ.

"ಇವತ್ತೇ ಗೊತ್ತಾಯ್ತು ಅಂತ ಹೇಳ್ತಾರಂತೆ," ಅಂದೆ. "ಅವತ್ತೇ ಗೊತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ."

ಅವಳು ಗಡಿಯಾರ ನೋಡಿದಳು.

"ಎಂಟಕ್ಕೆ ನನ್ನ ಡ್ಯೂಟಿ," ಅಂದಳು. "ಲೇಟಾಗಬಾರದು."

*

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಶೋ ನಿಜವಾಗಿ ರಾತ್ರಿ ಹನ್ನೊಂದಕ್ಕೆ ನಡೆಯಿತು. ಉಳಿದ ದಿನವೆಲ್ಲ ನಾವು ಆ ಹೊತ್ತಿಗೆ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದೆವು.

ಬೆಕ್ಕಿನ ಹುಡುಗರು ಎಲ್ಲ ಬಾಗಿಲಲ್ಲೂ ನಿಂತಿದ್ದರು. ನಾನು ಹೂಗುಚ್ಛದ ವ್ಯಾನಿನಲ್ಲಿ ಒಳಗೆ ಹೋದೆ. ವಿದಾಯಕ್ಕೆ ಬಂದ ಹೂವು ಎಷ್ಟಿತ್ತೆಂದರೆ ಅದರಡಿ ಒಂದು ಸಂಸಾರ ಅಡಗಬಹುದಿತ್ತು. ಕಂಟ್ರೋಲ್ ರೂಮಿನಲ್ಲಿ ಡೈರೆಕ್ಟರಮ್ಮ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಇಪ್ಪತ್ತು ವರ್ಷದ ಸ್ನೇಹ. ಟೇಪು ಕೊಟ್ಟೆ.

"ಮಾವ ಕೇಳಿದಾಗ ಹಾಕಿ."

"ದೊಡ್ಡೋರಿಗೆ ಗೊತ್ತಾ?"

"ಗೊತ್ತಾಗುತ್ತೆ."

ಆಕೆ ನನ್ನ ತಲೆಯ ಮೇಲಿದ್ದ ಗುಲಾಬಿ ಎಸಳು ತೆಗೆದು ಕೆಳಗೆ ಹಾಕಿದರು. "ನಾಳೆಯಿಂದ ನಾನೂ ಮನೇಲೇ ಬಿಡು," ಅಂದರು.

ಪಕ್ಕದ ಗಾಜಿನ ಗೂಡಿನಲ್ಲಿ ಟೈಪಿಸ್ಟ್. ಬೆನ್ನು ನೆಟ್ಟಗೆ. ಬೆರಳು ಕೀಗಳ ಮೇಲೆ.

"ಏನ್ರಪ್ಪಾ, ನಿದ್ದೆ ಬರ್ಲಿಲ್ವಾ?"

ಚಪ್ಪಾಳೆ ನಿಲ್ಲಲು ಎರಡು ನಿಮಿಷ ಬೇಕಾಯಿತು. ಹಳೆಯ ಅತಿಥಿಗಳು ಬಂದರು, ಅಪ್ಪಿಕೊಂಡರು, ಹೋದರು. ಹನ್ನೊಂದೂ ನಲವತ್ತಕ್ಕೆ ಮಾವ ಕುರ್ಚಿಯಿಂದ ಎದ್ದು ಕ್ಯಾಮೆರಾದ ಹತ್ತಿರ ಬಂದ.

"ಬಂಧುಗಳೇ, ಒಂದು ತಪ್ಪಾಗಿದೆ..."

ಒಂದು. ಎರಡು. ಮೂರು ಸೆಕೆಂಡು.

"ಟೇಪು ಹಾಕಿ."

ಡೈರೆಕ್ಟರಮ್ಮ ಗುಂಡಿ ಒತ್ತಿದರು. ದೋಣಿ ವಾಲಿತು. ಮಗು ಜಾರಿತು.

ಅಷ್ಟರಲ್ಲಿ ನನ್ನ ಹಿಂದಿನ ಬಾಗಿಲು ಧಡ್ ಅಂದಿತು! ಬೋಲ್ಟು ಹಾಕಿ ಬೆನ್ನು ಕೊಟ್ಟು ನಿಂತೆ. ಧಡ್! ಮುರಿದ ಪಕ್ಕೆಲುಬು ನಕ್ಷತ್ರ ತೋರಿಸಿತು. ಧಡ್! ಬೋಲ್ಟು ಕಿತ್ತು ಬಂತು. ನಾನು ನೆಲಕ್ಕೆ ಬಿದ್ದೆ. ಬೆಕ್ಕು ಒಳಗೆ ನುಗ್ಗಿ ಲಾಠಿ ಎತ್ತಿದ. ಅವನ ಮೈಯಿಂದ ಇನ್ನೂ ಕಾರ್ ಶ್ಯಾಂಪೂವಿನ ವಾಸನೆ ಬರುತ್ತಿತ್ತು.

ಫೋನ್ ರಿಂಗಾಯಿತು. ಡೈರೆಕ್ಟರಮ್ಮ ಸ್ಪೀಕರ್ ಒತ್ತಿದರು. ದೊಡ್ಡೋರು!

"ಕಟ್ ಮಾಡಿ! ಕಟ್ ಮಾ... ಒಂದ್ನಿಮಿಷ. ಎಷ್ಟು ಜನ ನೋಡ್ತಿದಾರೆ?"

ಆಕೆ ಮೀಟರ್ ನೋಡಿ ಸಂಖ್ಯೆ ಹೇಳಿದರು. ಅಂಥ ಸಂಖ್ಯೆ ಯಾರೂ ಕೇಳಿರಲಿಲ್ಲ.

"ಕಟ್ ಮಾಡ್ಬೇಡಿ," ಅಂದರು ದೊಡ್ಡೋರು. "ಯಾರೂ ಏನೂ ಮುಟ್ಬೇಡಿ."

ಬೆಕ್ಕಿನ ಲಾಠಿ ಗಾಳಿಯಲ್ಲಿ ನಿಂತಿತ್ತು. ಅವನು ಅದನ್ನು ಇಳಿಸಿ, ಕಾಲರ್ ಸರಿ ಮಾಡಿಕೊಂಡು, ನನ್ನ ಪಕ್ಕ ಗೋಡೆಗೆ ಒರಗಿ ತೆರೆ ನೋಡತೊಡಗಿದ. ಏನು ಮಾಡುವುದು, ನೌಕರಿ!

ತೆರೆಯ ಮೇಲೆ ಕ್ಯಾಪ್ಟನ್ ಮೂರನೇ ಸಲ ಖಾಲಿ ಕೈಯಲ್ಲಿ ಮೇಲೆ ಬಂದ. ಸ್ಟುಡಿಯೋದಲ್ಲಿ ಮುನ್ನೂರು ಜನ ಉಸಿರು ಬಿಡಲಿಲ್ಲ.

ಮಾವನ ಕಣ್ಣು ತುಂಬಿತ್ತು. ಅದು ನಟನೆಯಲ್ಲ, ನಾನು ಪ್ರಮಾಣ ಮಾಡಬಲ್ಲೆ. ಅದೇ ಅವನ ಕಷ್ಟ. ಯಾವುದು ಎಲ್ಲಿ ಮುಗಿಯುತ್ತದೆ ಅಂತ ಅವನಿಗೇ ತಿಳಿಯುತ್ತಿರಲಿಲ್ಲ.

"ನಲವತ್ತು ರಾತ್ರಿ ಈ ಮನುಷ್ಯನನ್ನ ನೋಡಿ ನಿಮ್ಮನ್ನ ನಗಿಸಿದೆ," ಅಂದ. "ಸತ್ಯ ನನಗೆ ಇವತ್ತೇ ಗೊತ್ತಾಯ್ತು."

ಯಾರೋ ಬಿಕ್ಕಿದರು. ಚಪ್ಪಾಳೆ ಶುರುವಾಯಿತು. ಜನ ಎದ್ದು ನಿಂತರು. ಕೆಟ್ಟದ್ದೆಲ್ಲ ಒಂದೇ ಏಟಿಗೆ ತೊಳೆದುಹೋಗಿ ಅವನು ದೇವಮಾನವನಾಗುತ್ತಿದ್ದ...

ಆಗ ತೆರೆಯ ಕೆಳಗೆ ಸಾಲು ಬಂತು.

'ಸತ್ಯ ನನಗೆ ಅವತ್ತೇ ಗೊತ್ತಾಯ್ತು.'

ಒಂದಕ್ಷರ.

ಡೈರೆಕ್ಟರಮ್ಮ ಗಾಜಿನ ಗೂಡಿನ ಕಡೆ ತಿರುಗಿದರು. ಟೈಪಿಸ್ಟ್ ಎರಡೂ ಕೈ ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಸಾಲು ಹಾಗೇ ನಿಂತಿತು. ಮುಂದಕ್ಕೆ ಸರಿಯಲಿಲ್ಲ. ಸ್ಟುಡಿಯೋದ ದೊಡ್ಡ ಪರದೆಯ ಮೇಲೆ, ಲಕ್ಷಾಂತರ ಮನೆಗಳ ಟಿವಿಯ ಕೆಳಗೆ.

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಉದುರಿ, ನಿಂತಿತು. ಜನ ಓದಿದರು. ಒಬ್ಬರನ್ನೊಬ್ಬರು ನೋಡಿದರು.

ಮಾವ ತಿರುಗಿ ಪರದೆ ನೋಡಿದ. ಓದಿದ.

ಸುಲಭ ಇತ್ತು. "ನೋಡ್ರಪ್ಪಾ, ಕೊನೇ ದಿನಾನೂ ತಪ್ಪು ಟೈಪು!" ಅಂದಿದ್ದರೆ ಎಲ್ಲರೂ ನಗುತ್ತಿದ್ದರು. ಅವನಿಗೆ ಅದು ಎಡಗೈ ಕೆಲಸ. ನಾನು ಅವನ ತುಟಿ ನೋಡುತ್ತಿದ್ದೆ. ಜೋಕು ಅಲ್ಲಿವರೆಗೆ ಬಂದಿತ್ತು, ನನಗೆ ಗೊತ್ತು.

ಹನ್ನೊಂದು ಸೆಕೆಂಡು. ಟಿವಿಯಲ್ಲಿ ಅದು ಒಂದು ಆಯಸ್ಸು.

"ಅಕ್ಷರ ಸರಿಯಾಗಿದೆ," ಅಂದ ಮಾವ. "ನಾನು ಹೇಳಿದ್ದು ತಪ್ಪು."

ಮೈಕು ಬಿಚ್ಚಿ ಮೇಜಿನ ಮೇಲಿಟ್ಟ. ಕ್ಯಾಮೆರಾಕ್ಕೆ ಬೆನ್ನು ಹಾಕಿ ನಡೆದುಹೋದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

*

ಆಮೇಲೆ ಆಗಬೇಕಾದದ್ದೇ ಆಯಿತು. ಜನ ಮಾವನ ಮನೆ ಗೇಟಿಗೆ ಹಸಿರು ಬಣ್ಣ ಎರಚಿದರು. ಇಪ್ಪತ್ತಾರು ವರ್ಷ ನಕ್ಕವರೆಲ್ಲ ತಾವು ನಗಲೇ ಇಲ್ಲ ಅಂದರು. ದೊಡ್ಡೋರು 'ನಮ್ಮ ಸಂಸ್ಥೆ ಸತ್ಯದ ಪರ' ಅಂತ ಹೇಳಿಕೆ ಕೊಟ್ಟು, ನನ್ನನ್ನು, ಡೈರೆಕ್ಟರಮ್ಮನನ್ನು, ಟೈಪಿಸ್ಟಳನ್ನು ಒಂದೇ ಕಾಗದದಲ್ಲಿ ಮನೆಗೆ ಕಳಿಸಿದರು. ಮಾವ ಫೋನ್ ಎತ್ತುವುದಿಲ್ಲ. ಒಂದು ಸಲ ಹೋಗಿದ್ದೆ. ಅಡುಗೆಮನೆಯಲ್ಲಿ ಕೂತು ತಾನೇ ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದ. "ಎಷ್ಟು ನಿಮಿಷ ಬೇಯಬೇಕೋ ಇದು?" ಅಂತ ಕೇಳಿದ. ಕ್ಯಾಮೆರಾ ಇಲ್ಲದ ಕಡೆ ಅವನು ನನ್ನೊಡನೆ ಆಡಿದ ಮೊದಲ ಸಾದಾ ಮಾತು ಅದು.

ಮೂರು ವಾರ ಕಳೆದು ನದಿಯ ಹತ್ತಿರ ಹೋದೆ. ತಗಡಿನ ಶೆಡ್ಡು. ಒಳಗೆ ಬಿಚ್ಚಿಟ್ಟ ದೋಣಿ ಎಂಜಿನ್ನುಗಳು. ಒಬ್ಬ ಮುದುಕ ಪ್ಲಗ್ಗು ಉಜ್ಜುತ್ತಿದ್ದ. ಪಕ್ಕದಲ್ಲಿ ಮಗಳು ಎಣ್ಣೆಡಬ್ಬಿ ಹಿಡಿದು ಕೂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು. ನಾನು ಎದುರಿನ ಕಟ್ಟೆಯ ಮೇಲೆ ಕೂತೆ.

ಮುದುಕ ಕಣ್ಣು ಕಿರಿದು ಮಾಡಿ ನೋಡಿದ.

"ಹೋದ ಸಲ ಬಂದಾಗ ನಿನಗೆ ತಲೆ ತುಂಬಾ ಕೂದಲಿತ್ತು," ಅಂದ.

"ಹೌದು."

"ನನ್ನ ಹೆದರಿಸೋಕೆ ಬಂದಿದ್ದೆ."

"ಹೌದು. ಈಗ ಕ್ಷಮೆ ಕೇಳೋಕೆ ಬಂದಿದೀನಿ." ಟೇಪಿನ ಪ್ರತಿ ಮುಂದೆ ಹಿಡಿದೆ. "ಇದು ನಿಮ್ಮದು."

ಅವನು ಮುಟ್ಟಲಿಲ್ಲ.

"ಇದರಲ್ಲಿ ಏನಿದೆ ಅಂತ ನಂಗೊತ್ತಲ್ಲ. ಅಲ್ಲೇ ಇದ್ದೆ ನಾನು." ಪ್ಲಗ್ಗು ಮತ್ತೆ ಉಜ್ಜತೊಡಗಿದ. "ಆ ತಾಯಿ ಮೊನ್ನೆ ಬಂದಿದ್ಲು. ಪಾಪ, ತುಂಬಾ ವಯಸ್ಸಾಗಿದೆ. ಏನೂ ಮಾತಾಡ್ಲಿಲ್ಲ. ನೀನು ಕೂತಿದೀಯಲ್ಲ, ಅದೇ ಕಟ್ಟೆ ಮೇಲೆ ಒಂದು ಗಂಟೆ ಕೂತು ಹೋದ್ಲು."

ಹೊರಗೆ ಯಾವುದೋ ದೋಣಿ ಹಾರ್ನು ಹೊಡೆಯಿತು.

"ಈಗೇನು ಮಾಡ್ತಿದೀಯಾ?" ಕೇಳಿದ.

"ಏನೂ ಇಲ್ಲ. ಕೆಲಸ ಹೋಯ್ತು. ಯಾರೂ ಸೇರಿಸ್ಕೊಳ್ಳಲ್ಲ. ರಸ್ತೇಲಿ ಕಂಡೋರು ಮುಖ ತಿರುಗಿಸ್ತಾರೆ."

"ಎಷ್ಟು ದಿನ ಆಯ್ತು?"

"ಮೂರು ವಾರ."

ಮುದುಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ಒಮ್ಮೆ ಊದಿದ.

"ಪರವಾಗಿಲ್ಲ," ಅಂದ. "ಇನ್ನೊಂದು ಇಪ್ಪತ್ತಾರು ವರ್ಷ ಕಾಯಿ. ಯಾರಾದ್ರೂ ಬಂದು ಸಾರಿ ಹೇಳ್ತಾರೆ."